ಸವೆಸಿದ ದಾರಿಯ ಲೆಕ್ಕ

ಮೋಟಾರು ಕಾರಿನಲ್ಲಿ ಚಾಲಕನ ಕಣ್ಣೆದುರಿಗೆ ಕುಳಿತಿರುವ ಮೀಟರುಗಳಿಗೆ ಒಂದೊಂದಕ್ಕೂ ಒಂದೊಂದು ಸ್ವಭಾವವುಂಟು. ವೇಗವನ್ನು ತೋರಿಸುವ ಮುಳ್ಳು ಆಡಂಬರಪ್ರಿಯವಾದುದು. ಕಾಲನ್ನು ಕೊಂಚ ಒತ್ತಿದರೆ ಸಾಕು, ಎದ್ದುನಿಂತು ಮೆರೆಯುತ್ತದೆ. ಪೆಟ್ರೋಲಿನ ಮುಳ್ಳು ಸಾಲ ಕೊಟ್ಟ ಸಾಹುಕಾರನಂತೆ. ನೋಡುವ ಮನಸ್ಸಿಲ್ಲದಿದ್ದರೂ ದಿನಕ್ಕೊಮ್ಮೆ ಅದರ ಮುಖ ನೋಡಲೇಬೇಕು. ಎಂಜಿನಿನ ಬಿಸಿಯನ್ನು ಹೇಳುವ ಮುಳ್ಳು ಘಟ್ಟ ಹತ್ತುವಾಗ ಮಾತ್ರ ನೆನಪಾಗುವ ದೇವರು. ಇವೆಲ್ಲವುಗಳ ನಡುವೆ, ಬೆರಳಗಲದ ಕಿಟಕಿಯೊಂದರ ಹಿಂದೆ ಐದಾರು ಅಂಕಿಗಳನ್ನು ಹಿಡಿದುಕೊಂಡು ತನ್ನ ಪಾಡಿಗೆ ತಾನು ಕುಳಿತಿರುವುದು ಓಡೋಮೀಟರು. ಅದು ಹೆದರಿಸುವುದಿಲ್ಲ, ಮೆರೆಯುವುದಿಲ್ಲ. ಕಾರು ಹುಟ್ಟಿದಂದಿನಿಂದ ಸವೆಸಿದ ದಾರಿಯನ್ನು ಎಣಿಸುವುದೊಂದೇ ಅದರ ಕೆಲಸ.

ಇಷ್ಟು ಸಾಧುವಾದುದರಿಂದಲೇ ಅದು ಕೆಟ್ಟು ನಿಂತರೆ ಯಾರಿಗೂ ತಿಳಿಯುವುದಿಲ್ಲ. ಚಕ್ರ ಪಂಕ್ಚರಾದರೆ ಕಾರು ಕುಂಟುತ್ತದೆ. ಬ್ಯಾಟರಿ ಸತ್ತರೆ ನಾಲ್ಕು ಜನ ಬಂದು ನೂಕಬೇಕಾಗುತ್ತದೆ. ಓಡೋಮೀಟರು ನಿಂತರೆ ಕಾರಿಗೆ ಯಾವ ಬಾಧೆಯೂ ಇಲ್ಲ. ದಾರಿ ಸಾಗುತ್ತದೆ, ಲೆಕ್ಕ ಮಾತ್ರ ಸಾಗುವುದಿಲ್ಲ. ಉಳಿದ ಯಾವ ಮೀಟರಿಗೂ ಇಲ್ಲದ ಒಂದು ಕಷ್ಟ ಇದಕ್ಕಿದೆ. ವೇಗದ ಮುಳ್ಳು ಇಂದು ಕೆಟ್ಟು ನಾಳೆ ಸರಿಯಾದರೆ ನಾಳಿನ ವೇಗವನ್ನು ಸರಿಯಾಗಿಯೇ ಹೇಳುತ್ತದೆ; ನಿನ್ನೆಯ ತಪ್ಪು ನಿನ್ನೆಗೇ ಮುಗಿಯಿತು. ಓಡೋಮೀಟರು ಹಾಗಲ್ಲ. ಅದು ಇಂದು ಹೇಳುವ ಮಾತಿನಲ್ಲಿ ಹಿಂದಿನ ದಿನಗಳೆಲ್ಲ ಸೇರಿರುತ್ತವೆ. ನಡುವೆ ಒಂದು ವಾರ ತಪ್ಪಿದರೆ ಮುಂದೆ ಅದು ಆಡುವ ಮಾತೆಲ್ಲ ಆ ಒಂದು ವಾರದಷ್ಟು ಸುಳ್ಳು.

ದಾರಿಯನ್ನು ಎಣಿಸಬೇಕೆಂಬ ಆಸೆ ಮೋಟಾರಿಗಿಂತ ಬಹಳ ಹಳೆಯದು. ಕನ್ನಡಿಗರ ಹಿರಿಯರು ಕೂಗಳತೆ, ಹರದಾರಿ, ಗಾವುದ ಎಂದು ದೂರವನ್ನು ಹೇಳುತ್ತಿದ್ದರು. ಕೂಗಳತೆಯ ಅಳತೆಗೋಲು ಮನುಷ್ಯನ ಗಂಟಲು. ಅದು ಗಂಟಲಿನಿಂದ ಗಂಟಲಿಗೆ ಬೇರೆಯಾಗುವುದು ಸಹಜ. ರೋಮಿನ ವಿಟ್ರೂವಿಯಸ್ ಎಂಬ ಶಿಲ್ಪಶಾಸ್ತ್ರಜ್ಞ ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿ ಬರೆದ ಗ್ರಂಥದಲ್ಲಿ ಗಂಟಲಿನ ಹಂಗಿಲ್ಲದ ಒಂದು ಉಪಾಯವನ್ನು ವರ್ಣಿಸಿದ್ದಾನೆ. ನಾಲ್ಕು ಅಡಿ ವ್ಯಾಸದ ಬಂಡಿಯ ಚಕ್ರ 400 ಸುತ್ತು ಸುತ್ತಿದರೆ 5,000 ಅಡಿ, ಅಂದರೆ ಒಂದು ರೋಮನ್ ಮೈಲಿ. ಚಕ್ರಕ್ಕೆ ಹೊಂದಿಸಿದ ಹಲ್ಲುಗಾಲಿಗಳು ಮೈಲಿಗೊಂದರಂತೆ ಕಲ್ಲಿನ ಹರಳನ್ನು ಕಂಚಿನ ಪಾತ್ರೆಗೆ ಬೀಳಿಸುತ್ತವೆ. ಸಂಜೆ ಬಿಡಾರದಲ್ಲಿ ಹರಳುಗಳನ್ನು ಎಣಿಸಿದರೆ ಅಂದಿನ ಪ್ರಯಾಣದ ಲೆಕ್ಕ ಸಿಕ್ಕಿತು.

ಇಂತಹ ಎಣಿಕೆ ಏಕೆ ಬೇಕೆಂಬುದಕ್ಕೆ ಅಮೆರಿಕದ ಒಂದು ಪ್ರಸಂಗ ಒಳ್ಳೆಯ ಉತ್ತರ. 1847ರಲ್ಲಿ ಮಾರ್ಮನ್ ಪಂಥದ ವಲಸೆಗಾರರು ಬಂಡಿಗಳಲ್ಲಿ ಪಶ್ಚಿಮಕ್ಕೆ ಹೊರಟಿದ್ದರು. ದಿನಕ್ಕೆಷ್ಟು ದೂರ ಬಂದೆವೆಂದು ಸಂಜೆ ಒಬ್ಬೊಬ್ಬರೂ ಒಂದೊಂದು ಹೇಳುವರು. ಅವರಲ್ಲಿದ್ದ ವಿಲಿಯಂ ಕ್ಲೇಟನ್ ಎಂಬಾತ ಬಂಡಿಯ ಚಕ್ರವನ್ನು ಅಳೆದು, 360 ಸುತ್ತಿಗೆ ಒಂದು ಮೈಲಿಯೆಂದು ಕಂಡುಕೊಂಡು, ಚಕ್ರಕ್ಕೆ ಕೆಂಪು ಬಟ್ಟೆಯ ತುಂಡೊಂದನ್ನು ಕಟ್ಟಿ, ಮೇ ತಿಂಗಳ ಒಂದು ದಿನವಿಡೀ ಅದು ಮೇಲೆ ಬಂದುಹೋಗುವುದನ್ನು ಎಣಿಸಿದ. 4,070 ಸುತ್ತುಗಳಾದವು, ದೂರ ಹನ್ನೊಂದೂಕಾಲು ಮೈಲಿಯನ್ನು ಕೊಂಚ ಮೀರಿತ್ತು. ಜೊತೆಯವರು ಹೇಳುತ್ತಿದ್ದುದು ಹದಿಮೂರು, ಹದಿನಾಲ್ಕು! ದಣಿದ ಕಾಲಿಗೆ ದಾರಿ ಉದ್ದವಾಗಿಯೇ ಕಾಣುತ್ತದೆ. ಕೆಲವೇ ದಿನಗಳಲ್ಲಿ ಆ ಎಣಿಕೆಯ ಕೆಲಸಕ್ಕೆ ಮರದ ಹಲ್ಲುಗಾಲಿಗಳ ಯಂತ್ರವೊಂದು ಸಿದ್ಧವಾಯಿತು.

ಅಂಬಾಸಡರ್, ಪದ್ಮಿನಿ ಮೊದಲಾದ ಹಳೆಯ ಕಾರುಗಳ ಓಡೋಮೀಟರು ಈ ಮರದ ಯಂತ್ರದ ಮೊಮ್ಮಗನೇ. ಗೇರುಪೆಟ್ಟಿಗೆಯಿಂದ ಹೊರಟ ಒಂದು ಕೇಬಲ್ಲು, ಹೊರಗೆ ಕವಚ, ಒಳಗೆ ಹುರಿಗೊಂಡ ಉಕ್ಕಿನ ತಂತಿ, ಡ್ಯಾಶ್‌ಬೋರ್ಡಿನ ಹಿಂದೆ ಬಂದು ಮೀಟರಿನ ಬೆನ್ನಿಗೆ ಸೇರುತ್ತದೆ. ಚಕ್ರ ತಿರುಗಿದಂತೆ ತಂತಿ ತಿರುಗುತ್ತದೆ. ತಂತಿ ತಿರುಗಿದಂತೆ ಮೀಟರಿನೊಳಗಿನ ಅಯಸ್ಕಾಂತ ತಿರುಗುತ್ತದೆ. ಅಯಸ್ಕಾಂತದ ಮೇಲೆ, ಅದಕ್ಕೆ ತಾಗದಂತೆ, ಅಲ್ಯೂಮಿನಿಯಮ್ಮಿನ ಒಂದು ಬಟ್ಟಲು. ಅಯಸ್ಕಾಂತ ಅಲ್ಯೂಮಿನಿಯಮ್ಮನ್ನು ಸೆಳೆಯುವುದಿಲ್ಲವೆಂಬುದು ನಿಜ. ಆದರೆ ಅದು ತಿರುಗುವಾಗ ಬಟ್ಟಲಿನಲ್ಲಿ ಸಣ್ಣ ವಿದ್ಯುತ್ಪ್ರವಾಹಗಳು ಹುಟ್ಟಿ, ಬಟ್ಟಲನ್ನೂ ಅದಕ್ಕೆ ಸೇರಿದ ಮುಳ್ಳನ್ನೂ ಹಿಂದೆಯೇ ಎಳೆಯುತ್ತವೆ. ಕೂದಲಿನಷ್ಟು ತೆಳುವಾದ ಸ್ಪ್ರಿಂಗು ಅದನ್ನು ತಡೆದು ನಿಲ್ಲಿಸಿದ ಕಡೆಯೇ ವೇಗದ ಅಂಕಿ. ಸ್ಟ್ರಾಸ್‌ಬರ್ಗಿನ ಆಟೊ ಶುಲ್ಟ್ಸೆ ಈ ಉಪಾಯಕ್ಕೆ ಪೇಟೆಂಟು ಪಡೆದದ್ದು 1902ರಲ್ಲಿ. ಓಡೋಮೀಟರಿಗೆ ಈ ಮಾಯೆಯ ಅಗತ್ಯವಿಲ್ಲ. ಅಯಸ್ಕಾಂತದ ದಂಡಕ್ಕೆ ಕಚ್ಚಿಕೊಂಡ ಒಂದೆರಡು ಪುಟ್ಟ ಗೇರುಗಳು ಆ ತಿರುಗಾಟವನ್ನು ನಿಧಾನಗೊಳಿಸಿ, ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ ಬರೆದ ಉರುಳೆಗೆ ಮುಟ್ಟಿಸುತ್ತವೆ. ಒಂದು ಉರುಳೆ ಪೂರ್ತಿ ಸುತ್ತಿದಾಗ ಪಕ್ಕದ ಉರುಳೆಯನ್ನು ಒಂದು ಮನೆ ಮುಂದೂಡುತ್ತದೆ. ಅಷ್ಟೇ ಅದರ ಗಣಿತ.

ಈ ರಚನೆಯನ್ನು ಬಲ್ಲವನಿಗೆ ರೋಗದ ಮೂಲ ಹುಡುಕುವುದು ಕಷ್ಟವಲ್ಲ. ವೇಗದ ಮುಳ್ಳೂ ಅಂಕಿಗಳೂ ಎರಡೂ ಸತ್ತಿದ್ದರೆ ಕೇಬಲ್ಲು ತುಂಡಾಗಿದೆ, ಇಲ್ಲವೆ ಕಳಚಿದೆ. ಅಂಕಿ ಓಡುತ್ತಿದ್ದು ಮುಳ್ಳು ಮಾತ್ರ ಮಲಗಿದ್ದರೆ ಬಟ್ಟಲಿಗೋ ಸ್ಪ್ರಿಂಗಿಗೋ ಪೆಟ್ಟಾಗಿದೆ. ಮುಳ್ಳು ಆಡುತ್ತಿದ್ದು ಅಂಕಿ ಮಾತ್ರ ನಿಂತಿದ್ದರೆ ಒಳಗಿನ ಪುಟ್ಟ ಗೇರು ಹಲ್ಲು ಮುರಿದುಕೊಂಡಿದೆ, ಅಥವಾ ಉರುಳೆಗಳನ್ನು ತಿರುಗಿಸುವ ಕಡ್ಡಿಯ ಮೇಲೆ ಹಿಡಿತ ತಪ್ಪಿ ಜಾರುತ್ತಿದೆ.

ಹಾಸನದ ಕಡೆಯ ಒಂದು ಊರಿನಲ್ಲಿ ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಇಂಜಿನಿಯರ್ ರಾಯರೊಬ್ಬರ ಕಾರಿಗೆ ಬಂದದ್ದು ಈ ಮೂರನೆಯ ರೋಗ. 1986ರಲ್ಲಿ ಹೊಸದಾಗಿ ಕೊಂಡ ಕಾರು. ರಾಯರ ಕಣ್ಣಿಗೆ ಪೊರೆ ಬಂದು, ರಸ್ತೆಯೇನೋ ಕಾಣುತ್ತಿದ್ದರೂ ಮೀಟರಿನ ಸಣ್ಣ ಅಂಕಿಗಳು ಕಾಣದಾಗಿದ್ದವು. 2004ರ ಬೇಸಗೆಯಲ್ಲಿ ಶಸ್ತ್ರಚಿಕಿತ್ಸೆಯಾಗಿ ಪಟ್ಟಿ ಬಿಚ್ಚಿದ ಮೇಲೆ ಅವರಿಗೆ ಸ್ಪಷ್ಟವಾಗಿ ಕಂಡ ಸಂಗತಿಗಳಲ್ಲಿ ಇದೂ ಒಂದು: ಮೀಟರಿನಲ್ಲಿ 68,417 ಎಂದಿತ್ತು. ಹಿಂದಿನ ದೀಪಾವಳಿಗೆ ಮುಂಚೆ ಗ್ಯಾರೇಜಿನವರು ಕೊಟ್ಟ ರಸೀತಿಯಲ್ಲಿ 68,391. ಐದಾರು ತಿಂಗಳಲ್ಲಿ ಕಾರು ಓಡಿದ್ದು ಇಪ್ಪತ್ತಾರೇ ಕಿಲೋಮೀಟರೆ?

ಕಾರನ್ನು ಮಾರಲು ಮಾತಾಗಿದ್ದ ಹೊತ್ತು ಅದು. ಕಣ್ಣಿನ ಸಲುವಾಗಿ ರಾತ್ರಿ ಕಾರು ಓಡಿಸಬಾರದೆಂದು ಪುಣೆಯಲ್ಲಿದ್ದ ಮಗ ಹಟ ಹಿಡಿದಿದ್ದ. ಕೊಳ್ಳಲು ಬಂದಿದ್ದವನು ಆ ಹೋಬಳಿಗೆ ಹೊಸದಾಗಿ ವರ್ಗವಾಗಿ ಬಂದ ಪಶುವೈದ್ಯ. ಮದುವೆಯಾಗಿ ವರ್ಷ ತುಂಬದ ಹುಡುಗ. ಹಸು ಕಷ್ಟಪಟ್ಟು ಈಯುವುದು ಸಾಮಾನ್ಯವಾಗಿ ನಡುರಾತ್ರಿಯಲ್ಲಿ. ಕರೆಯುವ ಹಳ್ಳಿಗಳಿಗೆ ಆ ಹೊತ್ತಿನಲ್ಲಿ ಬಸ್ಸಿಲ್ಲ. ಸೊಸೈಟಿಯಲ್ಲಿ ಸಾಲಕ್ಕೆ ಅರ್ಜಿ ಹಾಕಿ, ಬರುವ ತಿಂಗಳು ಹಣ ತರುತ್ತೇನೆಂದು ಹೇಳಿಹೋಗಿದ್ದ.

ಮೀಟರನ್ನು ಪೇಟೆಗೆ ಕಳುಹಿಸದೆ ಮನೆಯಲ್ಲೇ ಸರಿಮಾಡಲು ರಾಯರು ನಿರ್ಧರಿಸಿದರು. ಮೊದಲು ಬ್ಯಾಟರಿಯ ತಂತಿ ಕಳಚಿದರು. ಡ್ಯಾಶ್‌ಬೋರ್ಡಿನ ಹಿಂದೆ ಕೈಹಾಕಿ, ಕೇಬಲ್ಲಿನ ತಿರುಪನ್ನು ಬೆರಳಿನಿಂದಲೇ ಬಿಡಿಸಿ, ಮೀಟರನ್ನು ಹೊರತೆಗೆದರು. ಊಟದ ಮೇಜಿನ ಮೇಲೆ ಬಿಳಿಯ ಪಂಚೆ ಹಾಸಿದರು. ಕಪ್ಪು ನೆಲಕ್ಕೆ ಬಿದ್ದ ಸಣ್ಣ ಸ್ಕ್ರೂ ಮತ್ತೆ ಸಿಗುವುದು ಪೂರ್ವಪುಣ್ಯದಿಂದ. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಪಡ್ಡಿನ ಕಾವಲಿಯ ಗುಳಿಗಳಲ್ಲಿ ಒಂದೊಂದಾಗಿ ಇಟ್ಟರು. ಗಾಜಿನ ಸುತ್ತ ಮಡಿಸಿದ ತಗಡಿನ ಬಳೆಯನ್ನು ಅವಸರಪಡದೆ, ಸುತ್ತಲೂ ಸ್ವಲ್ಪ ಸ್ವಲ್ಪವಾಗಿ ಎಬ್ಬಿಸಿದರು. ಮುಳ್ಳಿನ ತಂಟೆಗೆ ಮಾತ್ರ ಹೋಗಲಿಲ್ಲ. ಅದರ ಹಿಂದಿನ ಸ್ಪ್ರಿಂಗು ಒಮ್ಮೆ ಬಾಗಿದರೆ ಕಾರಿನ ವೇಗವೇ ಸುಳ್ಳಾಗುತ್ತದೆ. ಒಂದು ಸುಳ್ಳನ್ನು ಸರಿಪಡಿಸಲು ಹೋಗಿ ಇನ್ನೊಂದನ್ನು ತಂದುಕೊಳ್ಳುವುದು ಜಾಣತನವಲ್ಲ.

ಗಡಿಯಾರದ ಅಂಗಡಿಯಿಂದ ಎರವಲು ತಂದ ಮಸೂರದಲ್ಲಿ ನೋಡಿದಾಗ ಕಳ್ಳ ಸಿಕ್ಕಿದ. ಹೆಬ್ಬೆರಳಿನ ಉಗುರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ಕಿನ ಗೇರು. ವಯಸ್ಸಾಗಿ ಬಿರುಸಾಗಿ, ಮೂರು ಹಲ್ಲುಗಳು ಉದುರಿಹೋಗಿದ್ದವು. ಕಡ್ಡಿಯ ಮೇಲೆ ಜಾರುವ ಗೇರಾಗಿದ್ದರೆ ಕಡ್ಡಿಯನ್ನು ಒರಸಿ, ಕೊಂಚ ಒರಟುಮಾಡಿ, ಸೂಜಿಯ ಮೊನೆಯಲ್ಲಿ ಒಂದು ತೊಟ್ಟು ಅಂಟು ಇಟ್ಟರೆ ಸಾಕಾಗುತ್ತಿತ್ತು. ಉದುರಿದ ಹಲ್ಲಿಗೆ ಅಂಟಿನ ಚಿಕಿತ್ಸೆಯಿಲ್ಲ. ಕ್ಷಣದಲ್ಲಿ ಹಿಡಿಯುವ ಅಂಟನ್ನು ಮುಚ್ಚಿದ ಮೀಟರಿನೊಳಗೆ ಸುರಿದರೆ ಅದರ ಆವಿಯಿಂದ ಗಾಜೂ ಅಂಕಿಗಳೂ ಬೆಳ್ಳಗೆ ಮಂಜಾಗುವುದೂ ಉಂಟು. ಬೆಂಗಳೂರಿನಲ್ಲಿದ್ದ ಸೋದರಳಿಯನಿಗೆ ಫೋನು ಹೋಯಿತು. ಆತ ಶಿವಾಜಿನಗರದ ಗುಜರಿಯಲ್ಲಿ ಒಂದು ಭಾನುವಾರವೆಲ್ಲ ಅಲೆದು, ಅದೇ ಮಾದರಿಯ ಹಳೆಯ ಮೀಟರೊಂದನ್ನು ಹುಡುಕಿ ತಂದ. ಅದರ ಅಂಕಿ 41,206ರಲ್ಲಿ ನಿಂತಿತ್ತು. ಯಾರ ಕಾರೋ, ಯಾವ ಊರಿನದೋ! ಆ ಅಂಕಿಯ ಆಚೆಗೆ ಅದರ ಕಥೆಯನ್ನು ಹೇಳುವವರು ಯಾರೂ ಉಳಿದಿರಲಿಲ್ಲ.

ರಾಯರು ಎರಡು ಗೇರುಗಳನ್ನೂ ಪಕ್ಕಪಕ್ಕದಲ್ಲಿಟ್ಟು ಹಲ್ಲುಗಳನ್ನು ಎರಡು ಸಲ ಎಣಿಸಿದರು. ನೋಟಕ್ಕೆ ಒಂದೇ ಬಗೆಯಾಗಿದ್ದು ಒಂದು ಹಲ್ಲು ಹೆಚ್ಚು ಕಡಮೆಯಾದರೂ ಮೀಟರು ಓಡುತ್ತದೆ; ಆದರೆ ಜೀವಮಾನವಿಡೀ ತಪ್ಪು ಲೆಕ್ಕ ಹೇಳುತ್ತ ಓಡುತ್ತದೆ. ನಿಂತ ಮೀಟರಿಗಿಂತ ಅಂತಹ ಮೀಟರು ಕೆಟ್ಟದ್ದು; ನಿಂತದ್ದನ್ನು ಯಾರೂ ನಂಬುವುದಿಲ್ಲವಷ್ಟೆ. ಡಯಲಿನ ಮೂಲೆಯಲ್ಲಿ ಬರೆದ ಸಣ್ಣ ಸಂಖ್ಯೆ ಒಂದು ಕಿಲೋಮೀಟರಿಗೆ ಕೇಬಲ್ಲು ಎಷ್ಟು ಸುತ್ತು ಸುತ್ತಬೇಕೆಂಬುದನ್ನು ಹೇಳುತ್ತದೆ. ಹೊಸ ಗೇರನ್ನು ಕೂರಿಸಿ, ಹಳೆಯ ಕೇಬಲ್ಲಿನ ಚೌಕ ತುದಿಯ ತುಂಡೊಂದನ್ನು ಕೈ ಡ್ರಿಲ್ಲಿಗೆ ಸಿಕ್ಕಿಸಿ, ಮೀಟರಿನ ಬೆನ್ನಿಗೆ ತೂರಿಸಿ, ರಾಯರು ತಿರುಗಿಸತೊಡಗಿದರು. ಹತ್ತನೆಯ ಅಂಶದ ಉರುಳೆ ಕದಲಿತು. ಆಮೇಲೆ ಅದರ ಪಕ್ಕದ್ದು. ಊಟದ ಮೇಜಿನ ಮೇಲೆ ಕಾರು ಎರಡು ಕಿಲೋಮೀಟರು ಓಡಿತು.

“ಎಲ್ಲಿಯವರೆಗೆ ಬಂದಿರಿ? ಹಾಸನ ಮುಟ್ಟಿದ ಮೇಲಾದರೂ ನನ್ನ ಪಡ್ಡಿನ ಕಾವಲಿ ಕೊಡ್ತೀರೋ?” ಎಂದರು ಅವರ ಪತ್ನಿ.

ಮೇಜಿನ ಮೇಲೆ ಓಡಿದ ಆ ಎರಡು ಕಿಲೋಮೀಟರುಗಳನ್ನು ಹಿಂದಕ್ಕೆ ತರಬೇಕಾಗಿತ್ತು. ಮನೆಯಲ್ಲಿ ಮೀಟರು ರಿಪೇರಿ ಮಾಡುವವನ ನಿಜವಾದ ಪರೀಕ್ಷೆ ಆರಂಭವಾಗುವುದು ಇಲ್ಲಿ. ಉರುಳೆಗಳನ್ನು ಕಡ್ಡಿಯಿಂದ ಬಿಡಿಸಿದ ಮೇಲೆ ಅವು ಕೈಯ ಮಾತನ್ನು ಕೇಳುತ್ತವೆ. ಯಾವ ಅಂಕಿಯನ್ನು ಬೇಕಾದರೂ ಕಿಟಕಿಗೆ ತರಬಹುದು. ಕಾವಲಿಲ್ಲ, ಸಾಕ್ಷಿಯಿಲ್ಲ, ಒಂದು ಬೆರಳಿನ ಕೆಲಸ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಗ್ಯಾರೇಜಿನ ಮೇಸ್ತ್ರಿ ಆ ಮಾತನ್ನೇ ಆಡಿದ:

“ಸ್ವಾಮಿ, ಹೆಂಗೂ ಬಿಚ್ಚಿದ್ದೀರಿ. ಆ ಆರನ್ನ ಮೂರು ಮಾಡ್ಬಿಡಿ. ಕಾರು ನೋಡೋಕೆ ಹೊಸದರಂಗಿದೆ, ಯಾರೂ ಬೇಡ ಅನ್ನಲ್ಲ. ಹತ್ತು ಸಾವಿರ ಜಾಸ್ತಿ ಬರುತ್ತೆ. ಎಲ್ಲರೂ ಮಾಡ್ತಾರೆ.”

“ಹಾಕದ ಜಲ್ಲಿಗೆ ಬಿಲ್ಲು ಬರೆದ ಕಂಟ್ರಾಕ್ಟರನ್ನ ನಾನು ಆಫೀಸಿಂದ ಹೊರಕ್ಕೆ ಕಳಿಸಿದ್ದೀನಿ, ಮೇಸ್ತ್ರಿ. ಓಡಿದ ದಾರೀನ ಓಡಿಲ್ಲ ಅಂತ ಬರೆಯೋದು ಅದಕ್ಕಿಂತ ಬೇರೇನಪ್ಪ?” ಎಂದರು ರಾಯರು.

ಮೇಸ್ತ್ರಿ ನಕ್ಕು ಹೋದ. ಆದರೆ ಮೇಸ್ತ್ರಿಗೆ ಉತ್ತರ ಹೇಳಿದಷ್ಟು ಸುಲಭವಾಗಿ ರಾಯರಿಗೆ ತಮ್ಮ ಪ್ರಶ್ನೆ ಬಗೆಹರಿಯಲಿಲ್ಲ. ಅಂಕಿಯನ್ನು ಹಿಂದಕ್ಕೆ ತಿರುಗಿಸುವುದು ಮೋಸವೆಂಬುದು ಸರಿ. ಹಾಗಾದರೆ 68,417 ಎಂಬುದಾದರೂ ನಿಜವೆ? ಕಾರು ಓಡಿ ಅಂಕಿ ಓಡದ ಆ ತಿಂಗಳುಗಳ ದಾರಿ ಎಲ್ಲಿ ಹೋಯಿತು? ಆಗ ನೆರವಿಗೆ ಬಂದದ್ದು ಪತ್ನಿಯ ಮನೆಖರ್ಚಿನ ಪುಸ್ತಕ. ಹಾಲು, ಸೊಪ್ಪು, ಅಗಸನ ಲೆಕ್ಕಗಳ ನಡುವೆ ‘ಕಾರಿಗೆ’ ಎಂದು ಬರೆದು ಪ್ರತಿಸಲವೂ ಎಷ್ಟು ಲೀಟರೆಂಬುದನ್ನು ಆಕೆ ಗುರುತುಹಾಕಿದ್ದರು. ದೀಪಾವಳಿಯಿಂದ ಈಚೆಗೆ 186 ಲೀಟರು. ಲೀಟರಿಗೆ ಒಂಬತ್ತು ಕಿಲೋಮೀಟರಿನಂತೆ 1,674. ಮೀಟರು ನಿಲ್ಲುವ ಮೊದಲು ಎಣಿಸಿದ್ದ ಇಪ್ಪತ್ತಾರನ್ನು ಕಳೆದರೆ ಸುಮಾರು 1,650. ಮೀಟರು ನಿದ್ದೆಹೋಗಿದ್ದಾಗ ದಾರಿಯನ್ನು ಎಣಿಸಿದ್ದು ಆ ರಟ್ಟಿನ ಪುಸ್ತಕ.

ಇನ್ನೊಂದು ವಿಷಯವೂ ಉಳಿದಿತ್ತು. ಆ ಮೀಟರಿಗಿದ್ದದ್ದು ಐದೇ ಅಂಕಿ. ಐದು ಒಂಬತ್ತುಗಳಾದ ಮೇಲೆ ಅದು ಐದು ಸೊನ್ನೆಗಳಾಗಿ, ಹೊಸ ಕಾರಿನಂತೆ ಮತ್ತೆ ಮೊದಲಾಗುತ್ತದೆ. 1995ರಲ್ಲಿ ಬೇಲೂರಿನ ರಸ್ತೆಯಲ್ಲಿ ಹಾಗಾದಾಗ ಹಿಂದಿನ ಸೀಟಿನಲ್ಲಿದ್ದ ಮಕ್ಕಳು ಚಪ್ಪಾಳೆ ತಟ್ಟಿದ್ದರು. ಹಾಗಾಗಿ ಕಾರು ನಿಜವಾಗಿ ಓಡಿದ್ದು ಅರವತ್ತೆಂಟು ಸಾವಿರವಲ್ಲ. ಒಂದು ಲಕ್ಷದ ಎಪ್ಪತ್ತು ಸಾವಿರದ ಆಸುಪಾಸು. ಆರನ್ನು ಮೂರು ಮಾಡದಿದ್ದರೂ, ಸುಮ್ಮನಿದ್ದರೆ ಸಾಕು, ಮೀಟರು ಒಂದು ಲಕ್ಷದಷ್ಟು ಸುಳ್ಳನ್ನು ತಾನೇ ಹೇಳಿಬಿಡುತ್ತಿತ್ತು! ಅರವತ್ತೆಂಟು ಸಾವಿರ ಓಡಿದ ಎಂಜಿನನ್ನು ನಂಬಿ ನಡುರಾತ್ರಿ ಹೊರಡಬಹುದು. ಲಕ್ಷ ಎಪ್ಪತ್ತು ಸಾವಿರ ಓಡಿದ ಎಂಜಿನಿಗೆ ಮೊದಲು ರಿಪೇರಿಯ ಹಣ ತೆಗೆದಿಡಬೇಕು. ಈ ಎರಡರ ನಡುವಿನ ವ್ಯತ್ಯಾಸ ಯಾರದೋ ಕೊಟ್ಟಿಗೆಯ ಹಸುವಿಗೂ, ಲಾಟೀನು ಹಿಡಿದು ದಾರಿ ಕಾಯುವ ಅದರ ಯಜಮಾನನಿಗೂ ಸಂಬಂಧಿಸಿದ್ದು.

ಅಮೆರಿಕದಲ್ಲಿ 1972ರ ಕಾಯಿದೆ ಓಡೋಮೀಟರಿನ ಅಂಕಿಯನ್ನು ಮೋಸಕ್ಕಾಗಿ ತಿದ್ದುವುದನ್ನು ನಿಷೇಧಿಸಿತು. ರಿಪೇರಿಗೆ ಅಡ್ಡಿಯಿಲ್ಲ, ಆದರೆ ರಿಪೇರಿಯ ನಂತರ ಮೊದಲಿನ ಅಂಕಿಯನ್ನೇ ಉಳಿಸಲು ಸಾಧ್ಯವಾಗದಿದ್ದರೆ ಮೀಟರನ್ನು ಸೊನ್ನೆಗೆ ತಂದು, ಮೊದಲಿದ್ದ ಅಂಕಿಯನ್ನೂ ದಿನಾಂಕವನ್ನೂ ಬರೆದ ಚೀಟಿಯನ್ನು ಎಡಬಾಗಿಲಿನ ಚೌಕಟ್ಟಿಗೆ ಅಂಟಿಸಬೇಕು. ಯಂತ್ರ ಹೇಳಲಾರದ್ದನ್ನು ಮನುಷ್ಯನೇ ಬರೆದು ತಿಳಿಸಬೇಕೆಂಬುದು ಅದರ ಅಭಿಪ್ರಾಯ.

ರಾಯರು ಆ ಕಾಯಿದೆಯನ್ನು ಓದಿದವರಲ್ಲ. ಅವರಿಗೆ ಗೊತ್ತಿದ್ದುದು ತಮ್ಮ ಇಲಾಖೆಯ ಅಳತೆ ಪುಸ್ತಕದ ನಿಯಮ. ಅದರಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ತಪ್ಪಿದ್ದರೆ ಓದಲು ಬರುವಂತೆ ಒಂದು ಗೆರೆ ಎಳೆದು, ಸರಿಯಾದುದನ್ನು ಬರೆದು, ರುಜು ಹಾಕಬೇಕು. ಅಂದಾಜು ಬೇರೆ, ಅಳತೆ ಬೇರೆ. ಒಂದರ ಕಾಲಂನಲ್ಲಿ ಇನ್ನೊಂದನ್ನು ಬರೆಯಬಾರದು. 1,650ನ್ನು ಉರುಳೆಗಳಿಗೆ ಸೇರಿಸಿದರೆ ಅಂದಾಜು ಅಳತೆಯ ವೇಷ ಹಾಕಿದಂತಾಗುತ್ತದೆ. ಅವರು ಅಂಕಿಯನ್ನು 68,417ಕ್ಕೇ ತಂದು, ಮೀಟರನ್ನು ಮುಚ್ಚಿದರು. ಕೇಬಲ್ಲಿಗೆ ತೆಳುವಾಗಿ ಗ್ರೀಸು ಸವರಿದರು. ಮೇಲಿನ ತುದಿಯನ್ನು ಮಾತ್ರ ಒಣಗಿಯೇ ಬಿಟ್ಟರು. ಇಲ್ಲವಾದರೆ ಜಿಡ್ಡು ಮೀಟರಿನೊಳಕ್ಕೆ ಏರುತ್ತದೆ. ಕಾರಿನ ಕಾಗದಗಳ ಜೊತೆಗಿದ್ದ ಪುಸ್ತಕದಲ್ಲಿ ಹೀಗೆ ಬರೆದರು:

“18-4-2004. ಮೀಟರು 68,417ರಲ್ಲಿ ನಿಂತಿತ್ತು. ಒಳಗಿನ ಗೇರನ್ನು ಬದಲಿಸಿ ಅದೇ ಅಂಕಿಯಿಂದ ಮುಂದುವರಿಸಲಾಗಿದೆ. ನಿಂತ ಅವಧಿಯಲ್ಲಿ ಓಡಿದ್ದು ಅಂದಾಜು 1,650 ಕಿ.ಮೀ.; ಪೆಟ್ರೋಲಿನ ಲೆಕ್ಕದಿಂದ, ಅಳತೆಯಿಂದಲ್ಲ. ಮೀಟರು 1995ರಲ್ಲಿ ಒಮ್ಮೆ ಪೂರ್ತಿ ಸುತ್ತಿದೆ.” ಕೆಳಗೆ ರುಜು.

ಮಾರನೆಯ ಬೆಳಿಗ್ಗೆ ಪರೀಕ್ಷೆ. ಕನ್ನಡಿಗರು ಇಂದಿಗೂ ಮೈಲಿಗಲ್ಲೆಂದೇ ಕರೆಯುವ ಕಿಲೋಮೀಟರು ಕಲ್ಲುಗಳ ಪಕ್ಕದಲ್ಲಿ ರಾಯರು ನಿಧಾನವಾಗಿ ಸಾಗಿದರು. ಒಂದೇ ಕಲ್ಲನ್ನು ನಂಬಲಿಲ್ಲ. ರಸ್ತೆ ಅಗಲವಾದಾಗ ಕಲ್ಲುಗಳನ್ನು ಎಷ್ಟು ಉದಾರವಾಗಿ ಸರಿಸಿ ನೆಡುತ್ತಾರೆಂಬುದನ್ನು ಅವರಿಗಿಂತ ಬಲ್ಲವರಿಲ್ಲ. ಹತ್ತು ಕಲ್ಲು ದಾಟಿದಾಗ ಮೀಟರು ಹತ್ತು ಕಿಲೋಮೀಟರಿನ ಮೇಲೆ ಎರಡು ದಶಾಂಶ ತೋರಿಸಿತು. ಗೇರಿನ ದೋಷವಲ್ಲ ಅದು. ಸವೆದ ಟೈರು ಚಿಕ್ಕದಾಗುತ್ತದೆ, ಚಿಕ್ಕ ಚಕ್ರ ಅದೇ ದಾರಿಗೆ ಹೆಚ್ಚು ಸುತ್ತುತ್ತದೆ, ಮೀಟರು ಎಣಿಸುವುದು ಸುತ್ತುಗಳನ್ನೇ. ನೂರಕ್ಕೆ ಎರಡರಷ್ಟು ಹೆಚ್ಚೆಂಬುದನ್ನೂ ಪುಸ್ತಕದಲ್ಲಿ ಬರೆದರು.

ಪಶುವೈದ್ಯ ಹಣದೊಡನೆ ಬಂದ ದಿನ ರಾಯರು ಕೀಲಿಕೈಗಿಂತ ಮೊದಲು ಪುಸ್ತಕವನ್ನು ಕೊಟ್ಟರು. ಹುಡುಗ ಆ ಪುಟವನ್ನು ಓದಿ, ಇನ್ನೊಮ್ಮೆ ಓದಿ, “ಹಾಗಾದರೆ ಎಂಜಿನ್ ಕೆಲಸಕ್ಕೆ ಎಷ್ಟಾಗಬಹುದು ಸಾರ್?” ಎಂದು ಕೇಳಿದ. ರಾಯರು ತಮಗೆ ತಿಳಿದದ್ದನ್ನು ಹೇಳಿದರು. ಅಷ್ಟನ್ನೂ ಬೆಲೆಯಲ್ಲಿ ಇಳಿಸಬೇಕೆಂದು ಅವನು ಕೇಳಿದ. ಅರ್ಧವನ್ನು ಇಳಿಸಲು ರಾಯರು ಒಪ್ಪಿದರು. ಇಬ್ಬರಿಗೂ ಪೂರ್ತಿ ಸಂತೋಷವಾದಂತೆ ಕಾಣಲಿಲ್ಲ. ಒಳಗಿನಿಂದ ಕಾಫಿ ಬಂತು. ಹುಡುಗ ಜೇಬಿನಿಂದ ಪೆನ್ನು ತೆಗೆದು, ಕಾರಿನೊಳಕ್ಕೆ ಬಗ್ಗಿ ನೋಡಿ, ರಾಯರ ರುಜುವಿನ ಕೆಳಗಿನ ಸಾಲಿನಲ್ಲಿ ಅಂದಿನ ದಿನಾಂಕವನ್ನೂ 68,437 ಎಂಬ ಅಂಕಿಯನ್ನೂ ಬರೆದುಕೊಂಡ.